ಲೈಂಗಿಕ ಶಿಕ್ಷಣಕ್ಕೆ ಸರ್ಕಾರದ ದುಡ್ಡು ಎಲ್ಲಿಂದ ಬರುತ್ತೆ? ಸಾಗರ, ಹೊಸನಗರ, ತೀರ್ಥಹಳ್ಳಿ ಶಾಲೆಗೆ ತಲುಪೋದು ಹೇಗೆ?

ಸಾಗರ / ಹೊಸನಗರ / ತೀರ್ಥಹಳ್ಳಿ: ನಿಮ್ಮ ಮನೆಯ ಮಗು 8ನೇ ಅಥವಾ 9ನೇ ತರಗತಿಯಲ್ಲಿ ಓದುತ್ತಿದ್ದರೆ, ಮಂಗಳವಾರ ಸಂಜೆ ಶಾಲೆಯಿಂದ ಬಂದಾಗ ಒಂದು ಪ್ರಶ್ನೆ ಕೇಳಿ ನೋಡಿ. ‘ಇವತ್ತು ಆರೋಗ್ಯದ ಬಗ್ಗೆ ಕ್ಲಾಸ್ ಇತ್ತಾ?’

‘ಇತ್ತು’ ಅಂದರೆ ನಿಮ್ಮ ಶಾಲೆಗೆ ಒಂದು ಕೇಂದ್ರ ಯೋಜನೆ ತಲುಪಿದೆ ಅಂತ ಅರ್ಥ. ‘ಎಂಥ ಕ್ಲಾಸ್?’ ಅಂತ ಮಗು ನಿಮ್ಮನ್ನೇ ಕೇಳಿದರೆ, ಕಾಗದದ ಮೇಲಿರುವ ಯೋಜನೆ ಇನ್ನೂ ದಾರಿಯಲ್ಲೇ ಎಲ್ಲೋ ನಿಂತಿದೆ ಅಂತ ಅರ್ಥ.

ಲೈಂಗಿಕ ಶಿಕ್ಷಣ ಬೇಕಾ, ಬೇಡವಾ ಅನ್ನೋ ಚರ್ಚೆ ಟಿವಿಯಲ್ಲಿ, ಸದನದಲ್ಲಿ ಆಗಾಗ ನಡೆಯುತ್ತೆ. ಆದರೆ ಅದಕ್ಕೆ ದುಡ್ಡು ಯಾರು ಕೊಡ್ತಾರೆ, ಯಾವ ಲೆಕ್ಕದಲ್ಲಿ ಬರುತ್ತೆ, ಮಲೆನಾಡಿನ ಮೂಲೆಯ ಶಾಲೆಗೆ ಬರುವ ಹೊತ್ತಿಗೆ ಎಷ್ಟು ಉಳಿದಿರುತ್ತೆ ಅನ್ನೋದನ್ನ ಕೇಳುವವರು ಕಡಿಮೆ. ನಮ್ಮ ಮೂರು ತಾಲೂಕಿನ ಪೋಷಕರು ಈ ವಿಷಯದಲ್ಲಿ ತಿಳಿದುಕೊಳ್ಳಬೇಕಾದ್ದು ಇಲ್ಲಿದೆ.

ಈಗ ಯಾಕೆ ಈ ಮಾತು?

2025ರ ಮಾರ್ಚ್‌ನಲ್ಲಿ ಶಾಲಾ ಶಿಕ್ಷಣ ಸಚಿವ ಮಧು ಬಂಗಾರಪ್ಪ ಅವರು 8ರಿಂದ 12ನೇ ತರಗತಿವರೆಗಿನ ಮಕ್ಕಳಿಗೆ ಲೈಂಗಿಕ ಶಿಕ್ಷಣ ಕೊಡುವ ವಿಚಾರವನ್ನು ಸದನದಲ್ಲಿ ಪ್ರಕಟಿಸಿದ್ದರು. ಅವರು ನಮ್ಮದೇ ಜಿಲ್ಲೆಯ ಸೊರಬದ ಶಾಸಕರು, ಜಿಲ್ಲಾ ಉಸ್ತುವಾರಿ ಹೊಣೆಯೂ ಅವರದ್ದೇ. ಹಾಗಾಗಿ ಬೇರೆ ಜಿಲ್ಲೆಯವರಿಗಿಂತ ಶಿವಮೊಗ್ಗದವರು ಇದನ್ನ ಸ್ವಲ್ಪ ಹೆಚ್ಚೇ ಹತ್ತಿರದಿಂದ ಗಮನಿಸಬೇಕು.

ಸುಪ್ರೀಂ ಕೋರ್ಟ್ ಕೂಡ ಈ ವಿಷಯವನ್ನ ಮತ್ತೆ ಮತ್ತೆ ಎತ್ತಿದೆ. 2024ರ ಸೆಪ್ಟೆಂಬರ್ 23ರಂದು ಮಕ್ಕಳ ಅಶ್ಲೀಲ ಚಿತ್ರಗಳಿಗೆ ಸಂಬಂಧಿಸಿದ ಪ್ರಕರಣದ ತೀರ್ಪಿನಲ್ಲಿ, ಸಮಗ್ರ ಲೈಂಗಿಕ ಶಿಕ್ಷಣದ ಬಗ್ಗೆ ನಮ್ಮ ದೇಶದಲ್ಲಿರುವ ತಪ್ಪು ಕಲ್ಪನೆಗಳನ್ನ ವಿವರವಾಗಿ ಪ್ರಸ್ತಾಪಿಸಿತು. 2025ರ ಅಕ್ಟೋಬರ್‌ನಲ್ಲಿ ಇನ್ನೊಂದು ಪ್ರಕರಣದಲ್ಲಿ, 9ನೇ ತರಗತಿವರೆಗೂ ಕಾಯಬೇಡಿ, ಇನ್ನೂ ಚಿಕ್ಕ ವಯಸ್ಸಿನಿಂದಲೇ ಹೇಳಿಕೊಡಿ ಅಂತ ಅಭಿಪ್ರಾಯಪಟ್ಟಿತು.

ಪ್ರಕಟಣೆ ಆಯ್ತು, ತೀರ್ಪೂ ಬಂತು. ಇನ್ನು ಉಳಿದದ್ದು ದುಡ್ಡು ಮತ್ತು ಜನ.

ಮೊದಲು ಒಂದು ಹಳೆ ಕಥೆ

ಇದು ಹೊಸ ಯೋಜನೆ ಅಲ್ಲ. 2005ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ಅಂದರೆ ನ್ಯಾಕೋ ಜೊತೆ ಸೇರಿ ‘ಹದಿಹರೆಯದ ಶಿಕ್ಷಣ ಕಾರ್ಯಕ್ರಮ’ ಶುರು ಮಾಡಿತ್ತು. ಎಚ್‌ಐವಿ ತಡೆಯೋದು ಅದರ ಮುಖ್ಯ ಉದ್ದೇಶ. ಶಿಕ್ಷಕರಿಗೆ ಕೊಟ್ಟ ಚಿತ್ರಪಟಗಳು, ಪುಸ್ತಕದ ಭಾಷೆ ವಿವಾದಕ್ಕೆ ಕಾರಣವಾದವು. 2007ರಲ್ಲಿ ಮಹಾರಾಷ್ಟ್ರ, ಗುಜರಾತ್, ಮಧ್ಯಪ್ರದೇಶದಂಥ ರಾಜ್ಯಗಳ ಜೊತೆ ಕರ್ನಾಟಕವೂ ಅದನ್ನ ಬೇಡ ಅಂದಿತು. 2009ರಲ್ಲಿ ಎಂ. ವೆಂಕಯ್ಯ ನಾಯ್ಡು ಅಧ್ಯಕ್ಷತೆಯ ರಾಜ್ಯಸಭೆಯ ಅರ್ಜಿ ಸಮಿತಿಯೂ ಶಾಲೆಯಲ್ಲಿ ಲೈಂಗಿಕ ಶಿಕ್ಷಣ ಬೇಡ ಅಂತಲೇ ವರದಿ ಕೊಟ್ಟಿತು.

ಆಮೇಲೆ ಆದದ್ದೇನು ಅಂದರೆ, ಹೆಸರು ಬದಲಾಯಿತು. ‘ಲೈಂಗಿಕ’ ಅನ್ನೋ ಪದ ಯೋಜನೆಗಳ ಹೆಸರಿನಿಂದ ಹೊರಗೆ ಹೋಯ್ತು. ಜೀವನ ಕೌಶಲ, ಹದಿಹರೆಯದ ಆರೋಗ್ಯ, ಶಾಲಾ ಆರೋಗ್ಯ, ಮುಟ್ಟಿನ ನೈರ್ಮಲ್ಯ ಅನ್ನೋ ಹೆಸರುಗಳು ಬಂದವು. ವಿಷಯ ಒಳಗೆ ಉಳಿಯಿತು, ಆದರೆ ಬೇರೆ ಬೇರೆ ಇಲಾಖೆಗಳಲ್ಲಿ ಹಂಚಿಹೋಯ್ತು. ಇವತ್ತಿಗೂ ಬಜೆಟ್ ಪುಸ್ತಕ ತೆಗೆದು ‘ಲೈಂಗಿಕ ಶಿಕ್ಷಣ’ ಅಂತ ಹುಡುಕಿದರೆ ನೇರವಾಗಿ ಸಿಗದೇ ಇರೋದಕ್ಕೆ ಇದೇ ಕಾರಣ. ದುಡ್ಡಿಲ್ಲ ಅಂತಲ್ಲ. ಐದಾರು ಬೇರೆ ಬೇರೆ ಡಬ್ಬಿಯಲ್ಲಿ ಸ್ವಲ್ಪ ಸ್ವಲ್ಪ ಇದೆ.

ಡಬ್ಬಿ ಒಂದು: ರಾಷ್ಟ್ರೀಯ ಆರೋಗ್ಯ ಅಭಿಯಾನ

ಇದು ಎಲ್ಲಕ್ಕಿಂತ ದೊಡ್ಡದು. ಎನ್‌ಎಚ್‌ಎಂ ಅಂತ ಆಸ್ಪತ್ರೆ ಬೋರ್ಡ್‌ಗಳಲ್ಲಿ ನೋಡಿರ್ತೀರಿ. 2025-26ರ ಕೇಂದ್ರ ಬಜೆಟ್‌ನಲ್ಲಿ ಇಡೀ ದೇಶಕ್ಕೆ ಇದಕ್ಕೆ ಇಟ್ಟದ್ದು ಸುಮಾರು 37 ಸಾವಿರ ಕೋಟಿ ರೂಪಾಯಿ. ಹೆರಿಗೆ, ಲಸಿಕೆ, ಕ್ಷಯ, ಆಶಾ ಕಾರ್ಯಕರ್ತೆಯರ ಪ್ರೋತ್ಸಾಹಧನ ಎಲ್ಲವೂ ಇದರಲ್ಲೇ ಆಗಬೇಕು. ಹದಿಹರೆಯದವರ ಆರೋಗ್ಯ ಅದರೊಳಗಿನ ಒಂದು ಸಣ್ಣ ಶೀರ್ಷಿಕೆ ಅಷ್ಟೆ.

ಆ ಶೀರ್ಷಿಕೆಯಡಿ ಬರೋದು ‘ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ’. 2014ರ ಜನವರಿ 7ರಂದು ಶುರುವಾಯ್ತು. 10ರಿಂದ 19 ವರ್ಷದವರಿಗೆ. ಪೌಷ್ಟಿಕತೆ, ಲೈಂಗಿಕ ಮತ್ತು ಸಂತಾನೋತ್ಪತ್ತಿ ಆರೋಗ್ಯ, ಮಾನಸಿಕ ಆರೋಗ್ಯ, ಹಿಂಸೆ ಮತ್ತು ಗಾಯ, ಮಾದಕ ವಸ್ತು, ಸಕ್ಕರೆ ಕಾಯಿಲೆಯಂಥ ಅಸಾಂಕ್ರಾಮಿಕ ರೋಗಗಳು, ಹೀಗೆ ಆರು ವಿಷಯ. ಕರ್ನಾಟಕದ ಆಸ್ಪತ್ರೆಗಳಲ್ಲಿ ಕಾಣುವ ‘ಸ್ನೇಹ ಕ್ಲಿನಿಕ್’ ಇದೇ ಕಾರ್ಯಕ್ರಮದ್ದು. ಶಾಲೆಯಲ್ಲಿ ವಾರಕ್ಕೊಂದು ಕೊಡುವ ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆಯೂ ಇದಕ್ಕೇ ಸೇರಿದ್ದು.

ಎನ್‌ಎಚ್‌ಎಂನಲ್ಲಿ ಕೇಂದ್ರ ಮತ್ತು ಕರ್ನಾಟಕದ ಪಾಲು 60:40. ಅಂದರೆ ನೂರು ರೂಪಾಯಿ ಖರ್ಚಿಗೆ ದೆಹಲಿಯಿಂದ 60, ಬೆಂಗಳೂರಿಂದ 40. ಇದರಲ್ಲಿ ಯಾರು ತಡ ಮಾಡಿದರೂ ಕೆಳಗೆ ಕಾಯಬೇಕಾದ್ದು ತಾಲೂಕು.

ಡಬ್ಬಿ ಎರಡು: ಮಂಗಳವಾರದ ಕ್ಲಾಸ್

ಆರಂಭದಲ್ಲಿ ಕೇಳಿದ ಮಂಗಳವಾರದ ಪ್ರಶ್ನೆ ಇಲ್ಲಿಗೆ ಸಂಬಂಧಿಸಿದ್ದು. 2020ರ ಫೆಬ್ರವರಿ 12ರಂದು ಆಯುಷ್ಮಾನ್ ಭಾರತ್ ಅಡಿ ‘ಶಾಲಾ ಆರೋಗ್ಯ ಮತ್ತು ಸ್ವಾಸ್ಥ್ಯ ಕಾರ್ಯಕ್ರಮ’ ಶುರುವಾಯ್ತು. ಆರೋಗ್ಯ ಮತ್ತು ಶಿಕ್ಷಣ, ಎರಡೂ ಇಲಾಖೆ ಸೇರಿ ನಡೆಸಬೇಕಾದ್ದು.

ಮಾರ್ಗಸೂಚಿ ಸರಳವಾಗಿದೆ. ಪ್ರತಿ ಶಾಲೆಯಲ್ಲಿ ಇಬ್ಬರು ಶಿಕ್ಷಕರು, ಸಾಧ್ಯವಾದಷ್ಟೂ ಒಬ್ಬರು ಗಂಡಸು ಒಬ್ಬರು ಹೆಂಗಸು, ಆರೋಗ್ಯ ರಾಯಭಾರಿಗಳಾಗಿ ತರಬೇತಿ ಪಡೀಬೇಕು. ವಾರಕ್ಕೆ ಒಂದು ಗಂಟೆ ಕ್ಲಾಸ್ ತಗೋಬೇಕು. ಪ್ರತಿ ತರಗತಿಯಿಂದ ಇಬ್ಬರು ಮಕ್ಕಳು ಸಂದೇಶವಾಹಕರು. ಒಟ್ಟು 11 ವಿಷಯ. ಆರೋಗ್ಯವಾಗಿ ಬೆಳೆಯೋದು, ಮನಸ್ಸಿನ ಆರೋಗ್ಯ, ಸಂಬಂಧಗಳು, ಲಿಂಗ ಸಮಾನತೆ, ಮಾದಕ ವಸ್ತು, ಹಿಂಸೆಯಿಂದ ರಕ್ಷಣೆ, ಇಂಟರ್‌ನೆಟ್ ಸುರಕ್ಷತೆ ಎಲ್ಲ ಇವೆ. ಆ ಹನ್ನೊಂದರಲ್ಲಿ ಒಂದು, ಸಂತಾನೋತ್ಪತ್ತಿ ಆರೋಗ್ಯ ಮತ್ತು ಎಚ್‌ಐವಿ ತಡೆ.

ಒಂದು ಸಣ್ಣ ಲೆಕ್ಕ ಹಾಕಿ. ವರ್ಷಕ್ಕೆ 24 ಮಂಗಳವಾರ ಕ್ಲಾಸ್ ನಡೀತು ಅಂತಲೇ ಇಟ್ಟುಕೊಳ್ಳಿ. 11 ವಿಷಯಕ್ಕೆ ಹಂಚಿದರೆ ಒಂದು ವಿಷಯಕ್ಕೆ ಎರಡು ಗಂಟೆ ಚಿಲ್ಲರೆ. ಇಡೀ ವರ್ಷಕ್ಕೆ ಎರಡು ಗಂಟೆ.

ನಮ್ಮಲ್ಲಿ ಆ ಎರಡು ಗಂಟೆ ಉಳಿಸಿಕೊಳ್ಳೋದೂ ಕಷ್ಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಗುಂಬೆ, ನಗರ, ಹುಲಿಕಲ್ ಭಾಗದಲ್ಲಿ ಯಾವ ದಿನ ಮಳೆ ರಜೆ ಅಂತ ಹೇಳೋಕಾಗಲ್ಲ. ರಜೆ ಹೋದ ಪಾಠ ಶನಿವಾರ ಸರಿದೂಗಿಸುವಾಗ ಮೊದಲು ಬರೋದು ಗಣಿತ, ವಿಜ್ಞಾನ, ಇಂಗ್ಲಿಷ್. ಅಂಕ ಇಲ್ಲದ ಪಾಠ ಕೊನೆಗೆ. ಜನವರಿ ಬಂತು ಅಂದರೆ ಎಸ್‌ಎಸ್‌ಎಲ್‌ಸಿ ಫಲಿತಾಂಶದ ಒತ್ತಡ ಶುರು.

ಇನ್ನೊಂದು ವಿಷಯ. ಈ ಕಾರ್ಯಕ್ರಮ ರೂಪುಗೊಂಡಿರೋದು ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ. ಸಾಗರ, ತೀರ್ಥಹಳ್ಳಿ ಪೇಟೆಯ ಅನುದಾನರಹಿತ ಖಾಸಗಿ ಶಾಲೆಗೆ ಮಕ್ಕಳನ್ನ ಹಾಕಿದ ಪೋಷಕರು ‘ನಮ್ಮ ಶಾಲೆಯಲ್ಲಿ ಎಲ್ಲ ಹೇಳಿಕೊಡ್ತಾರೆ’ ಅಂತ ಸುಮ್ಮನೆ ನಂಬಬಾರದು. ಅಲ್ಲಿ ಹೇಳಿಕೊಡೋದು ಬಿಡೋದು ಆಡಳಿತ ಮಂಡಳಿಯ ಮನಸ್ಸಿಗೆ ಬಿಟ್ಟದ್ದು.

ಡಬ್ಬಿ ಮೂರು: ಶಾಲಾ ಅನುದಾನ

ಸಮಗ್ರ ಶಿಕ್ಷಣ ಯೋಜನೆಯೂ 60:40 ಲೆಕ್ಕದ್ದೇ. ಶಿಕ್ಷಕರ ತರಬೇತಿ, ಬಾಲಕಿಯರ ಶೌಚಾಲಯ, ಆತ್ಮರಕ್ಷಣೆ ತರಬೇತಿ ಇದರಲ್ಲಿ ಬರುತ್ತೆ. ಶಾಲೆಯ ಕೈಗೆ ನೇರವಾಗಿ ಬರೋದು ವಾರ್ಷಿಕ ಸಂಯುಕ್ತ ಶಾಲಾ ಅನುದಾನ. ಅದು ಮಕ್ಕಳ ಸಂಖ್ಯೆ ಮೇಲೆ ನಿಂತಿದೆ. ಮಾರ್ಗಸೂಚಿ ಪ್ರಕಾರ 30 ಮಕ್ಕಳವರೆಗೆ ₹10,000. ಅದರ ಮೇಲೆ 100ರವರೆಗೆ ₹25,000. 250ರವರೆಗೆ ₹50,000. 1000ದವರೆಗೆ ₹75,000. ಅದಕ್ಕೂ ಮೇಲಿದ್ದರೆ ₹1 ಲಕ್ಷ.

ಈಗ ಮಲೆನಾಡಿನ ಶಾಲೆ ನೆನಪು ಮಾಡಿಕೊಳ್ಳಿ. ನಮ್ಮಲ್ಲಿ ಊರು ಅಂದರೆ ನಾಲ್ಕು ಮನೆ ಇಲ್ಲಿ, ಎರಡು ಮನೆ ಗುಡ್ಡದಾಚೆ. ಬಯಲುಸೀಮೆಯಂತೆ ಒಂದೇ ಊರಲ್ಲಿ ಮುನ್ನೂರು ಮಕ್ಕಳು ಸಿಗಲ್ಲ. 28 ಮಕ್ಕಳಿರುವ ಹಿರಿಯ ಪ್ರಾಥಮಿಕ ಶಾಲೆಗೆ ವರ್ಷಕ್ಕೆ ಹತ್ತು ಸಾವಿರ, ಅಂದರೆ ತಿಂಗಳಿಗೆ 833 ರೂಪಾಯಿ. ಸೀಮೆಸುಣ್ಣ, ಕರೆಂಟ್ ಬಿಲ್, ಒಡೆದ ಹೆಂಚು ಎಲ್ಲ ಅದರಲ್ಲೇ. ಅದರಲ್ಲಿ ಕನಿಷ್ಠ ಶೇ. 10 ಸ್ವಚ್ಛತೆಗೆ ಇಡಬೇಕು, ಅಂದರೆ ವರ್ಷಕ್ಕೆ ಒಂದು ಸಾವಿರ. ಮುಟ್ಟಾದ ಹುಡುಗಿಗೆ ಪ್ಯಾಡ್ ಬದಲಿಸೋಕೆ ಚಿಲಕ ಇರುವ ಬಾಗಿಲು, ನೀರು, ಕಸದ ಡಬ್ಬಿ ಬೇಕು. ಸಾವಿರ ರೂಪಾಯಿಗೆ ಚಿಲಕ ಬರುತ್ತೆ, ಬಾಗಿಲು ಬರಲ್ಲ.

ತಲೆ ಎಣಿಸಿ ದುಡ್ಡು ಕೊಡುವ ಪದ್ಧತಿಯಲ್ಲಿ ಮಲೆನಾಡಿನ ಶಾಲೆ ಯಾವಾಗಲೂ ಹಿಂದೆ ಬೀಳುತ್ತೆ. ಹೆಂಚಿನ ಮಾಡಿಗೆ ಮಕ್ಕಳ ಸಂಖ್ಯೆ ಗೊತ್ತಾಗಲ್ಲ.

ಡಬ್ಬಿ ನಾಲ್ಕು: ಏಡ್ಸ್ ನಿಯಂತ್ರಣದ ದುಡ್ಡು

ನ್ಯಾಕೋದ ಐದನೇ ಹಂತದ ಕಾರ್ಯಕ್ರಮಕ್ಕೆ 2021ರಿಂದ 2026ರ ಮಾರ್ಚ್‌ವರೆಗೆ ₹15,471.94 ಕೋಟಿ ಗೊತ್ತುಮಾಡಲಾಗಿತ್ತು. ಇದು ಪೂರ್ತಿ ಕೇಂದ್ರದ ದುಡ್ಡು, ರಾಜ್ಯದ ಪಾಲು ಇಲ್ಲ. ಕಾಲೇಜುಗಳ ರೆಡ್ ರಿಬ್ಬನ್ ಕ್ಲಬ್, ತಾಲೂಕು ಆಸ್ಪತ್ರೆಯ ಐಸಿಟಿಸಿ ಅಂದರೆ ಎಚ್‌ಐವಿ ಪರೀಕ್ಷೆ ಮತ್ತು ಆಪ್ತಸಮಾಲೋಚನೆ ಕೇಂದ್ರ, 1097 ಸಹಾಯವಾಣಿ ಎಲ್ಲ ಇದರಿಂದ ನಡೆಯುತ್ತೆ. ಕರ್ನಾಟಕದಲ್ಲಿ ರಾಜ್ಯ ಏಡ್ಸ್ ಪ್ರಿವೆನ್ಷನ್ ಸೊಸೈಟಿ ಮೂಲಕ ಬರುತ್ತೆ.

ಈ ದುಡ್ಡಿನ ಗುರಿ ಎಚ್‌ಐವಿ. ಹಾಗಾಗಿ ಡಿಸೆಂಬರ್ 1ರ ಏಡ್ಸ್ ದಿನಕ್ಕೆ ಜಾಥಾ, ಭಿತ್ತಿಪತ್ರ, ಪ್ರತಿಜ್ಞೆ ಆಗುತ್ತೆ. ‘ಬೇಡ ಅಂತ ಹೇಳೋದು ಹೇಗೆ’, ‘ಯಾರಾದರೂ ನನ್ನ ಫೋಟೋ ಕೇಳಿದರೆ ಏನು ಮಾಡಲಿ’ ಅನ್ನೋ ಪ್ರಶ್ನೆಗೆ ಜಾಥಾದಲ್ಲಿ ಉತ್ತರ ಸಿಗಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ-5ರ ಪ್ರಕಾರ ದೇಶದಲ್ಲಿ ಎಚ್‌ಐವಿ ಬಗ್ಗೆ ಪೂರ್ತಿ ಸರಿಯಾದ ತಿಳಿವಳಿಕೆ ಇರೋದು ಶೇ. 21.6ರಷ್ಟು ಹೆಂಗಸರಿಗೆ, ಶೇ. 30.7ರಷ್ಟು ಗಂಡಸರಿಗೆ ಮಾತ್ರ. ಎಚ್‌ಐವಿಗೇ ಅಂತ ಮೀಸಲಿಟ್ಟ ದುಡ್ಡಿದ್ದೂ ಸ್ಥಿತಿ ಇದು.

ಡಬ್ಬಿ ಐದು: ರಾಜ್ಯದ ‘ಶುಚಿ’

ಹೆಣ್ಣುಮಕ್ಕಳಿಗೆ ಉಚಿತ ಪ್ಯಾಡ್ ಕೊಡುವ ‘ಶುಚಿ’ 2013-14ರಲ್ಲಿ ಶುರುವಾಯ್ತು. ಕೋವಿಡ್ ಕಾಲದಲ್ಲಿ ನಿಂತುಹೋಯ್ತು. 2024ರಲ್ಲಿ ಮತ್ತೆ ಆರಂಭವಾಯ್ತು. ನಡುವೆ ಕೆಲವು ವರ್ಷ 7ನೇ ತರಗತಿಯಲ್ಲಿದ್ದ ಹುಡುಗಿ ಎಸ್‌ಎಸ್‌ಎಲ್‌ಸಿ ಮುಗಿಸಿದಳು. ಯೋಜನೆ ‘ಪುನರಾರಂಭ’ ಅಂತ ಸುದ್ದಿ ಆಗುತ್ತೆ, ಆ ಹುಡುಗಿಗೆ ಆ ವರ್ಷಗಳು ಪುನರಾರಂಭ ಆಗಲ್ಲ.

ಇನ್ನೊಂದು ಡಬ್ಬಿ ಮುಚ್ಚಿಯೇ ಹೋಗಿದೆ. ಕಿಶೋರಿಯರಿಗೆ ಅಂಗನವಾಡಿ ಮೂಲಕ ಪೌಷ್ಟಿಕ ಆಹಾರ, ಆರೋಗ್ಯ ತಿಳಿವಳಿಕೆ ಕೊಡುವ ಕೇಂದ್ರ ಯೋಜನೆ ಈಗ ಈಶಾನ್ಯ ರಾಜ್ಯಗಳು ಮತ್ತು ‘ಮಹತ್ವಾಕಾಂಕ್ಷಿ ಜಿಲ್ಲೆ’ಗಳಿಗೆ ಮಾತ್ರ ಸೀಮಿತ. ಕರ್ನಾಟಕದಲ್ಲಿ ಆ ಪಟ್ಟಿಯಲ್ಲಿರೋದು ರಾಯಚೂರು, ಯಾದಗಿರಿ. ಶಿವಮೊಗ್ಗ ಇಲ್ಲ. ಜಿಲ್ಲೆಯ ಸರಾಸರಿ ಚೆನ್ನಾಗಿದೆ ಅನ್ನೋ ಕಾರಣಕ್ಕೆ ಶರಾವತಿ ಹಿನ್ನೀರಿನ ಆಚೆಯ ಹುಡುಗಿಗೂ ಸರಾಸರಿಯ ಲೆಕ್ಕವೇ ಅನ್ವಯ.

ದುಡ್ಡು ಬರುವ ದಾರಿ

ಆರೋಗ್ಯ ಇಲಾಖೆಯಲ್ಲಿ ದಾರಿ ಹೀಗಿದೆ. ತಾಲೂಕು ಆರೋಗ್ಯಾಧಿಕಾರಿ ಕಚೇರಿಯಿಂದ ಬೇಡಿಕೆ ಜಿಲ್ಲೆಗೆ ಹೋಗುತ್ತೆ. ಜಿಲ್ಲೆಯ ಕ್ರಿಯಾಯೋಜನೆ ಬೆಂಗಳೂರಿಗೆ ಹೋಗುತ್ತೆ. ರಾಜ್ಯ ಎಲ್ಲ ಜಿಲ್ಲೆಯದ್ದನ್ನೂ ಸೇರಿಸಿ ‘ಪಿಐಪಿ’ ಅನ್ನೋ ದೊಡ್ಡ ಪ್ರಸ್ತಾವನೆ ದೆಹಲಿಗೆ ಕಳಿಸುತ್ತೆ. ಇತ್ತೀಚಿನ ವರ್ಷಗಳಲ್ಲಿ ಎರಡೆರಡು ವರ್ಷಕ್ಕೆ ಒಟ್ಟಿಗೆ ಕೇಳ್ತಾರೆ. 2022-24, 2024-26 ಹೀಗೆ. ಕೇಂದ್ರ ಒಪ್ಪಿದ್ದನ್ನ ‘ಆರ್‌ಒಪಿ’ ಅಂತಾರೆ. ಯಾವ ಬಾಬ್ತಿಗೆ ಎಷ್ಟು ಅಂತ ಅದರಲ್ಲಿರುತ್ತೆ, ಎನ್‌ಎಚ್‌ಎಂ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಆಮೇಲೆ ಕಂತು. ಹಿಂದಿನ ಕಂತು ಖರ್ಚಾದ ಬಳಕೆ ಪ್ರಮಾಣಪತ್ರ ಕೊಟ್ಟರೆ ಮುಂದಿನ ಕಂತು.

ಇಲ್ಲೇ ತೊಡಕು. ತಾಲೂಕಿನಿಂದ ಕೇಳದೇ ಇದ್ದರೆ ಮೇಲಿಂದ ಬರಲ್ಲ. ಬಂದದ್ದು ಖರ್ಚಾಗದಿದ್ದರೆ ಮುಂದಿನ ವರ್ಷ ಕೇಳೋ ಮುಖ ಇರಲ್ಲ. ಮಾರ್ಚ್ ತಿಂಗಳಲ್ಲಿ ಎರಡು ದಿನ ತರಬೇತಿ, ಊಟ, ಫೋಟೋ ಮುಗಿಸಿ ಲೆಕ್ಕ ಚುಕ್ತಾ ಮಾಡುವ ಅಪಾಯ ಇರೋದೂ ಇದೇ ವ್ಯವಸ್ಥೆಯಿಂದ.

ಮಾತ್ರೆ ಎಣಿಸಬಹುದು. ಪ್ಯಾಡ್ ಎಣಿಸಬಹುದು. ತರಬೇತಿಗೆ ಬಂದ ಶಿಕ್ಷಕರ ಸಹಿ ಎಣಿಸಬಹುದು. ‘ಸರ್, ಒಂದು ಮಾತು ಕೇಳಲಾ’ ಅಂತ ಮಗು ಧೈರ್ಯ ಮಾಡಿದ್ದನ್ನ ಯಾವ ನಮೂನೆಯಲ್ಲೂ ತುಂಬೋಕಾಗಲ್ಲ. ಹಾಗಾಗಿ ಎಣಿಸಬಹುದಾದ್ದು ನಡೆಯುತ್ತೆ, ಮಾತಾಡಬೇಕಾದ್ದು ಉಳಿದುಬಿಡುತ್ತೆ.

ನಮ್ಮ ಮೂರು ತಾಲೂಕಿನ ಕಷ್ಟ

ದುಡ್ಡು ಪೂರ್ತಿ ಬಂತು ಅಂತಲೇ ಇಟ್ಟುಕೊಳ್ಳೋಣ. ಆಗಲೂ ಇಲ್ಲಿನ ತೊಡಕು ಬೇರೆ.

ಒಂದು, ದೂರ. ತುಮರಿ, ಬ್ಯಾಕೋಡು ಭಾಗಕ್ಕೆ 2025ರ ಜುಲೈನಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಆಗೋವರೆಗೆ ಲಾಂಚೇ ಗತಿ. ಸೇತುವೆ ಬಂದಮೇಲೂ ಸಾಗರದ ಆಸ್ಪತ್ರೆಗೆ ಒಬ್ಬ ಹುಡುಗಿ ಸಮಾಲೋಚನೆಗೆ ಹೋಗಬೇಕು ಅಂದರೆ ಅರ್ಧ ದಿನ, ಬಸ್ ಚಾರ್ಜು, ಮನೆಯಲ್ಲಿ ಒಂದು ಕಾರಣ ಬೇಕು. ಹೊಸನಗರದ ನಗರ, ತೀರ್ಥಹಳ್ಳಿಯ ಆಗುಂಬೆ ಕಡೆಯವರದ್ದೂ ಇದೇ ಪಾಡು.

ಎರಡು, ಗುಟ್ಟು. ಪೇಟೆ ಸಣ್ಣದು. ಆಸ್ಪತ್ರೆ ಬೆಂಚಿನ ಮೇಲೆ ಕೂತ ಐದು ನಿಮಿಷಕ್ಕೆ ‘ನೀನು ಯಾರ ಮನೆ ಮಗಳು?’ ಅಂತ ಕೇಳುವವರು ಇರ್ತಾರೆ. ಸ್ನೇಹ ಕ್ಲಿನಿಕ್ ಬೋರ್ಡ್ ಎದುರು ಒಬ್ಬ ಹುಡುಗ ನಿಂತಿದ್ದು ಅವನು ಮನೆ ಮುಟ್ಟುವ ಮೊದಲೇ ಮನೆಗೆ ಗೊತ್ತಾಗಿರುತ್ತೆ. ಕೊಠಡಿ ಕಟ್ಟೋಕೆ ಅನುದಾನ ಸಿಗುತ್ತೆ. ಬಾಯಿ ಬಿಡದ ಭರವಸೆಗೆ ಅನುದಾನ ಇಲ್ಲ, ಅದನ್ನ ಸಿಬ್ಬಂದಿಯೇ ಕೊಡಬೇಕು.

ಮೂರು, ಮಂಗನ ಕಾಯಿಲೆ. ಚಳಿಗಾಲ ಶುರುವಾಗಿ ಮಳೆ ಬರೋವರೆಗೆ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಕೈ ಅದರಲ್ಲೇ ಸಿಕ್ಕಿರುತ್ತೆ. 2018-19ರಲ್ಲಿ ಅರಳಗೋಡಿನಲ್ಲಿ ಆದದ್ದನ್ನ ಸಾಗರದವರು ಮರೆತಿಲ್ಲ. ಉಣ್ಣೆ ಹುಡುಕೋದು, ಡೀಪಾ ಎಣ್ಣೆ ಹಂಚೋದು, ಜ್ವರ ಸಮೀಕ್ಷೆ, ಎಲ್ಲವೂ ಅದೇ ಆಶಾ, ಅದೇ ಆರೋಗ್ಯ ಸಹಾಯಕಿ ಹೆಗಲ ಮೇಲೆ. ಮಳೆಗಾಲದಲ್ಲಿ ಶಾಲೆಗೆ ರಜೆ, ಬೇಸಿಗೆಯಲ್ಲಿ ಸಿಬ್ಬಂದಿಗೆ ಪುರುಸೊತ್ತಿಲ್ಲ.

ನಾಲ್ಕು, ಶಿಕ್ಷಕರು. ತರಬೇತಿ ಪಡೆದವರು ವರ್ಗಾವಣೆ ಆಗಿ ಹೋದರೆ ಶಾಲೆಗೆ ಉಳಿಯೋದು ಪ್ರಮಾಣಪತ್ರ. ಅತಿಥಿ ಶಿಕ್ಷಕರ ಮೇಲೆ ನಡೆಯುವ ಶಾಲೆಯಲ್ಲಿ, ವರ್ಷ ವರ್ಷ ಬದಲಾಗುವ ಶಿಕ್ಷಕಿ ಹತ್ತಿರ ಮಕ್ಕಳು ಇಂಥ ಮಾತು ತೆಗೆಯೋದು ಹೇಗೆ?

ಹೇಳಿಕೊಡದಿದ್ದರೆ ಏನಾಗುತ್ತೆ?

‘ನಮ್ಮ ಕಾಲದಲ್ಲಿ ಯಾರೂ ಹೇಳಿಕೊಟ್ಟಿಲ್ಲ, ನಾವು ಬೆಳೀಲಿಲ್ವಾ’ ಅನ್ನೋರು ಇದ್ದಾರೆ. ಆ ಮಾತಲ್ಲಿ ಅರ್ಧ ಸತ್ಯ ಇದೆ. ಆ ಕಾಲದಲ್ಲಿ ಹದಿಮೂರು ವರ್ಷದ ಹುಡುಗನ ಜೇಬಲ್ಲಿ ಮೊಬೈಲ್ ಇರಲಿಲ್ಲ. ಇವತ್ತು ಶಾಲೆ, ಮನೆ ಎರಡೂ ಸುಮ್ಮನಿದ್ದರೆ ಪಾಠ ಮಾಡೋದು ಮೊಬೈಲ್.

ಕಾನೂನೂ ಬದಲಾಗಿದೆ. 2012ರ ಪೋಕ್ಸೊ ಕಾಯ್ದೆ ಪ್ರಕಾರ 18 ವರ್ಷದೊಳಗಿನವರ ಒಪ್ಪಿಗೆಗೆ ಬೆಲೆ ಇಲ್ಲ. 17 ವರ್ಷದ ಹುಡುಗಿ ಇಷ್ಟಪಟ್ಟೇ ಹೋದರೂ ಜೊತೆಗಿದ್ದ 19ರ ಹುಡುಗನ ಮೇಲೆ ಕೇಸು. ವಿಷಯ ಗೊತ್ತಾದ ವೈದ್ಯರು, ಶಿಕ್ಷಕರು ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಅವರಿಗೂ ಶಿಕ್ಷೆ ಇದೆ. ಈ ಕಾನೂನು ಗೊತ್ತಿಲ್ಲದೇ ಎರಡು ಮನೆ ಹಾಳಾದ ಮೇಲೆ ಗೊತ್ತಾಗೋದಕ್ಕಿಂತ, 9ನೇ ತರಗತಿಯಲ್ಲಿ ಅರ್ಧ ಗಂಟೆ ಕೂತು ಕೇಳೋದು ಒಳ್ಳೇದಲ್ವಾ?

ಬಾಲ್ಯವಿವಾಹದ ಲೆಕ್ಕವೂ ಇದೆ. ಕುಟುಂಬ ಆರೋಗ್ಯ ಸಮೀಕ್ಷೆ-5ರಲ್ಲಿ ಕರ್ನಾಟಕದ 20ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ ಶೇ. 21.3ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆ ಆಗಿತ್ತು. ಐವರಲ್ಲಿ ಒಬ್ಬಳು. ಹುಡುಗಿ ಯಾರದ್ದೋ ಜೊತೆ ಮಾತಾಡಿದಳು ಅನ್ನೋ ಹೆದರಿಕೆಗೇ ಅವಸರದಲ್ಲಿ ಗಂಡು ಹುಡುಕುವ ಮನೆಗಳೂ ಇವೆ.

ಪೋಷಕರ ಹೆದರಿಕೆ ಬಗ್ಗೆ

‘ಹೇಳಿಕೊಟ್ಟರೆ ಮಕ್ಕಳು ಕೆಡ್ತಾರೆ’ ಅನ್ನೋದು ಅತಿ ದೊಡ್ಡ ಆತಂಕ. ಇದನ್ನ ನಗೆಯಾಡಿ ತಳ್ಳಿಹಾಕೋ ಹಾಗಿಲ್ಲ, ಹೆತ್ತವರ ಹೆದರಿಕೆ ಅದು. ಆದರೆ ಯುನೆಸ್ಕೋ 2018ರಲ್ಲಿ ಪರಿಷ್ಕರಿಸಿದ ಅಂತಾರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಹಲವು ದೇಶಗಳ ಅಧ್ಯಯನಗಳನ್ನ ಒಟ್ಟಿಗೆ ನೋಡಿ ಹೇಳಿದ್ದು ಬೇರೆ. ಸರಿಯಾಗಿ ಹೇಳಿಕೊಟ್ಟ ಕಡೆ ಮಕ್ಕಳು ಬೇಗ ಲೈಂಗಿಕ ಚಟುವಟಿಕೆಗೆ ಇಳಿದದ್ದು ಕಂಡಿಲ್ಲ. ತಿಳಿವಳಿಕೆ ಹೆಚ್ಚಿದೆ, ಅಪಾಯದ ನಡವಳಿಕೆ ಕಡಿಮೆ ಆಗಿದೆ.

ವಯಸ್ಸಿಗೆ ತಕ್ಕ ಹಾಗೆ ಅನ್ನೋದೂ ಮುಖ್ಯ. 3ನೇ ತರಗತಿ ಮಗುವಿಗೆ ಹೇಳೋದು ಒಳ್ಳೆ ಸ್ಪರ್ಶ, ಕೆಟ್ಟ ಸ್ಪರ್ಶ, ಯಾರಿಗೆ ಹೇಳಬೇಕು ಅನ್ನೋದು. 7ನೇ ತರಗತಿಗೆ ಮೈ ಬದಲಾಗೋದು, ಮುಟ್ಟು, ದನಿ ಒಡೆಯೋದು. 10ನೇ ತರಗತಿಗೆ ಸಂಬಂಧ, ಕಾನೂನು, ರೋಗ ತಡೆ. ವಿಜ್ಞಾನ ಪುಸ್ತಕದಲ್ಲಿ 8ನೇ ತರಗತಿಗೆ ಹದಿಹರೆಯದ ಪಾಠ, 10ನೇ ತರಗತಿಗೆ ಸಂತಾನೋತ್ಪತ್ತಿ ಪಾಠ ಈಗಲೂ ಇದೆ. ಹೂವಿನ ಪರಾಗಸ್ಪರ್ಶ ಚೆನ್ನಾಗಿ ವಿವರಿಸಿ, ಮನುಷ್ಯರ ಭಾಗ ಬಂದಾಗ ‘ಮನೇಲಿ ಓದ್ಕೊಳ್ಳಿ’ ಅಂದ ಪಾಠ ನಮ್ಮಲ್ಲಿ ಎಷ್ಟು ಜನರಿಗೆ ನೆನಪಿಲ್ಲ?

ನೀವು ಏನು ಮಾಡಬಹುದು?

ದೆಹಲಿ, ಬೆಂಗಳೂರಿನ ಬಜೆಟ್ ನಮ್ಮ ಕೈಲಿಲ್ಲ. ಆದರೆ ಇಲ್ಲೇ ಕೇಳಬಹುದಾದ ಜಾಗ ಕೆಲವಿವೆ.

ಎಸ್‌ಡಿಎಂಸಿ ಸಭೆ: ನಮ್ಮ ಶಾಲೆಯಲ್ಲಿ ಆರೋಗ್ಯ ರಾಯಭಾರಿ ಶಿಕ್ಷಕರು ಯಾರು, ಯಾವಾಗ ತರಬೇತಿ ಆಗಿದೆ, ಮಂಗಳವಾರದ ಕ್ಲಾಸ್ ವೇಳಾಪಟ್ಟಿಯಲ್ಲಿ ಇದೆಯಾ ಅಂತ ಕೇಳಿ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಗ್ರಾಮ ಪಂಚಾಯಿತಿ: ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಯಬೇಕು. ಶೌಚಾಲಯಕ್ಕೆ ಬಾಗಿಲಿಲ್ಲ ಅಂತ ಹುಡುಗಿಯರೇ ಅಲ್ಲಿ ಹೇಳಿದರೆ ನಡಾವಳಿಯಲ್ಲಿ ದಾಖಲಾಗುತ್ತೆ. ಹಣಕಾಸು ಆಯೋಗದ ಅನುದಾನದಲ್ಲಿ ನೀರು, ನೈರ್ಮಲ್ಯಕ್ಕೇ ಅಂತ ಕಟ್ಟಿಟ್ಟ ಭಾಗ ಪಂಚಾಯಿತಿಗೆ ಬರುತ್ತೆ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಗೆ ವರ್ಷಕ್ಕೆ ₹10,000 ಮುಕ್ತನಿಧಿ ಇದೆ. ಅದು ಯಾವುದಕ್ಕೆ ಖರ್ಚಾಯ್ತು ಅಂತ ಕೇಳೋ ಹಕ್ಕು ಊರವರಿಗಿದೆ.

ಕೆಡಿಪಿ ಸಭೆ: ಜಿಲ್ಲಾ, ತಾಲೂಕು ಪಂಚಾಯಿತಿ ಸದಸ್ಯರ ಅವಧಿ 2021ರಲ್ಲೇ ಮುಗಿದು, ಆಮೇಲೆ ವರ್ಷಗಟ್ಟಲೆ ಚುನಾವಣೆ ಆಗಲಿಲ್ಲ. ಹಾಗಾಗಿ ತಾಲೂಕು ಮಟ್ಟದಲ್ಲಿ ಅಧಿಕಾರಿಗಳನ್ನ ಕೂರಿಸಿ ಕೇಳುವ ಮುಖ್ಯ ಜಾಗ ಶಾಸಕರ ಅಧ್ಯಕ್ಷತೆಯ ಕೆಡಿಪಿ. ಸಾಗರಕ್ಕೆ ಗೋಪಾಲಕೃಷ್ಣ ಬೇಳೂರು, ತೀರ್ಥಹಳ್ಳಿಗೆ ಆರಗ ಜ್ಞಾನೇಂದ್ರ ಶಾಸಕರು. ಹೊಸನಗರ ತಾಲೂಕು 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಈ ಎರಡೂ ಕ್ಷೇತ್ರಕ್ಕೆ ಹಂಚಿಹೋಗಿದೆ. ಅಡಕೆ ಎಲೆಚುಕ್ಕಿ ರೋಗ, ರಸ್ತೆ, ನೆಟ್‌ವರ್ಕ್ ಜೊತೆಗೆ ‘ಶಾಲಾ ಆರೋಗ್ಯ ಕಾರ್ಯಕ್ರಮದ ಪ್ರಗತಿ’ ಅಂತ ಒಂದು ಸಾಲು ಸಭೆಯ ಪಟ್ಟಿಗೆ ಸೇರಿಸಿ ಅಂತ ಶಾಸಕರಿಗೆ ಮನವಿ ಕೊಡಬಹುದು. ಹೊಸನಗರದವರು ಇಬ್ಬರಿಗೂ ಕೊಡಿ.

ಮಾಹಿತಿ ಹಕ್ಕು: ₹10 ಶುಲ್ಕ, 30 ದಿನದಲ್ಲಿ ಉತ್ತರ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ ಮೇಲೆ, 150 ಪದದೊಳಗೆ ಇರಬೇಕು. ಬಿಇಒ ಕಚೇರಿಗೆ ‘ತಾಲೂಕಿನಲ್ಲಿ ಎಷ್ಟು ಶಾಲೆಯ ಶಿಕ್ಷಕರಿಗೆ ಶಾಲಾ ಆರೋಗ್ಯ ಕಾರ್ಯಕ್ರಮದ ತರಬೇತಿ ಆಗಿದೆ’ ಅಂತ ಒಂದು ಅರ್ಜಿ. ತಾಲೂಕು ಆರೋಗ್ಯಾಧಿಕಾರಿ ಕಚೇರಿಗೆ ‘ಹದಿಹರೆಯದವರ ಆರೋಗ್ಯ ಶೀರ್ಷಿಕೆಯಲ್ಲಿ ಈ ವರ್ಷ ಬಂದದ್ದೆಷ್ಟು, ಖರ್ಚಾದದ್ದೆಷ್ಟು’ ಅಂತ ಇನ್ನೊಂದು. ಎರಡನ್ನೂ ಒಂದೇ ಅರ್ಜಿಯಲ್ಲಿ ಬರೆದರೆ ವಾಪಸ್ ಬರಬಹುದು.

ಮಕ್ಕಳಿಗೆ, ಪೋಷಕರಿಗೆ ಸಹಾಯವಾಣಿ

ಮಕ್ಕಳ ಸಹಾಯವಾಣಿ 1098. ಎಚ್‌ಐವಿ ಕುರಿತು 1097. ಮನಸ್ಸಿನ ಕಷ್ಟಕ್ಕೆ ಟೆಲಿ-ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು. ಮೂರೂ ಉಚಿತ. ಈ ಮೂರು ನಂಬರ್ ನಿಮ್ಮ ಮನೆಯ ಮಗುವಿಗೆ ಬಾಯಿಪಾಠ ಇರಲಿ.

ಕೊನೆಗೆ

ಯೋಜನೆಯ ಹೆಸರು ಏನೇ ಇರಲಿ, ದುಡ್ಡು 60:40 ಆಗಿರಲಿ, ಪೂರ್ತಿ ಕೇಂದ್ರದ್ದಾಗಿರಲಿ, ಅದು ಕೊನೆಗೆ ಬಂದು ನಿಲ್ಲೋದು ಒಬ್ಬ ಶಿಕ್ಷಕಿ ಮತ್ತು ಮೂವತ್ತು ಮಕ್ಕಳ ನಡುವೆ. ಆ ಶಿಕ್ಷಕಿಗೆ ತರಬೇತಿ ಆಗಿರಬೇಕು, ಪಾಠ ಮಾಡಿದ್ದಕ್ಕೆ ಊರವರು ಬಂದು ಗಲಾಟೆ ಮಾಡಲ್ಲ ಅನ್ನೋ ಧೈರ್ಯವೂ ಇರಬೇಕು. ಮೊದಲನೆಯದಕ್ಕೆ ಸರ್ಕಾರ ದುಡ್ಡು ಕೊಡುತ್ತೆ. ಎರಡನೆಯದನ್ನ ಕೊಡಬೇಕಾದ್ದು ಪೋಷಕರು.

ಬರುವ ಮಂಗಳವಾರ ಸಂಜೆ ಮಗುವನ್ನ ಕೇಳೋದು ಮರೀಬೇಡಿ. ಉತ್ತರ ‘ಇಲ್ಲ’ ಅಂತ ಬಂದರೆ ಮುಂದಿನ ಎಸ್‌ಡಿಎಂಸಿ ಸಭೆ ಯಾವತ್ತು ಅಂತ ವಿಚಾರಿಸಿ.